ಅಂಗವಿಕಲರ ಆಟಕ್ಕ ಬರ್ತೀನಿ ಅನ್ನೋರು ನಮ್ಮನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ಗಂಗಾವತಿಯಾಗ ಭಾನುವಾರ ಬೆಳಿಗ್ಗೆ ಒಂದು ಸಾಲಿ ಮೈದಾನದಾಗ ಆಟ ಆಡಸ್ತೀವಿ. ಕಣ್ಣು ಕಾಣದವರು, ಕಿವಿ ಕೇಳದವರು, ಪೋಲಿಯೋ ಆದವರು, ಬೌದ್ಧಿಕ ವಿಕಲತೆ ಇರೋ ಮಕ್ಕಳು, ಅವರ ಅಣ್ಣತಮ್ಮಂದಿರು, ಸುಮ್ನ ನೋಡಾಕ ಬಂದು ಸಿಕ್ಕಿಹಾಕ್ಕೊಂಡೋರು, ಎಲ್ಲಾರೂ ಇರ್ತಾರ. ಫೋನಿನಾಗ, ವಾಟ್ಸಾಪ್‌ನಾಗ, ಚಾದಂಗಡಿ ಮುಂದ ಜನ ಕೇಳೋವು ಹೆಚ್ಚುಕಮ್ಮಿ ಇವೇ ಪ್ರಶ್ನೆ, ಹೇಳಿ ಹೇಳಿ ಬಾಯಿ ನೊಂದು ಇಲ್ಲಿ ಬರದಿಟ್ಟೀನಿ.

## ಬರೋಕಿಂತ ಮೊದ್ಲು

ನನಗ ಇದರ ಬಗ್ಗೆ ಏನೂ ಗೊತ್ತಿಲ್ರಿ, ಪಿಇ ಮಾಸ್ತರನೂ ಅಲ್ಲ, ಬಂದ್ರ ನಡೀತೈತಾ?

ನಡೀತೈತಿ. ನಾ ಬಂದಾಗ ನನಗೂ ಏನೂ ಗೊತ್ತಿರಲಿಲ್ಲ. ಮೊದಲ್ನೇ ಭಾನುವಾರ ಒಬ್ಬ ಹುಡುಗ ವ್ಹೀಲ್‌ಚೇರ್‌ನಾಗ ಕುಂತಿದ್ದ, ನಾ ಭಾಳ ಒಳ್ಳೆಯವನಂಗ ಹಿಂದಿಂದ ಹೋಗಿ ಕೇಳದ ಹೇಳದ ನೂಕಿಬಿಟ್ಟೆ, ಮುಂದಿನ ಸಣ್ಣ ಗಾಲಿ ಉಸುಕಿನಾಗ ಹೂತು ಹುಡುಗ ಮುಕ್ಕರಿಸಿ ಬಿದ್ದ. ಎದ್ದು ಕುಂತು ಮಣ್ಣು ಜಾಡಿಸ್ಕೊಂತ ಅಂವ ಕೇಳಿದ್ದು ಒಂದೇ ಮಾತು, "ಅಣ್ಣಾ, ನೀವು ಸೈಕಲ್ ಮ್ಯಾಲ ಕುಂತಾಗ ನಾ ಹಿಂದಿಂದ ಬಂದು ನೂಕ್ಲೇನು?" ಹೊಸಬರಿಗೆ ಇವತ್ತಿಗೂ ಮೊದ್ಲು ಹೇಳೋದು ಅದನ್ನ. ಕೇಳ್ರಿ, ಉತ್ತರ ಬರೋತನಕ ಕಾಯ್ರಿ, ಬ್ಯಾಡ ಅಂದ್ರ ಕೈ ಹಿಂದಕ್ಕ ತಗೋರಿ. ಉಸುಕಿನಾಗ ಹೋಗೋದಿದ್ರ ಕುರ್ಚಿ ಸ್ವಲ್ಪ ಹಿಂದಕ್ಕ ವಾಲಿಸಿ ಸಣ್ಣ ಗಾಲಿ ಎತ್ತಿ ನೂಕಬೇಕು, ಇಲ್ಲಾ ತಿರುಗಿಸಿ ಎಳೀಬೇಕು, ಇದನ್ನೂ ನನಗ ಅಂವನೇ ಕಲಿಸಿದ.

ವಾರಕ್ಕ ಎಷ್ಟು ಟೈಮ್ ಕೊಡಬೇಕು, ರೊಕ್ಕ ಏನರ ಕೊಡ್ತೀರಾ?

ಎರಡು ತಾಸು. ರೊಕ್ಕ ಇಲ್ಲ, ಇಡ್ಲಿ ಐತಿ. ಆದ್ರ ತಿಂಗಳಿಗೊಮ್ಮೆ ಇಡೀ ದಿನ ಬಂದು ಫೋಟೋ ಹೊಡ್ಕೊಂಡು ಹೋಗೋರಿಗಿಂತ ಪ್ರತಿ ವಾರ ಒಂದೇ ತಾಸು ಬರೋರು ನಮಗ ಬೇಕು, ಯಾಕಂದ್ರ ಆಟಿಸಂ ಇರೋ ಮಗುವಿಗೆ ನಿಮ್ಮ ದನಿ, ನಿಮ್ಮ ಅಂಗಿ, ನೀವು ಚೆಂಡು ಕೊಡೋ ರೀತಿ ರೂಢಿ ಆಗಾಕ ಆರೇಳು ವಾರ ಬೇಕು, ಆಮ್ಯಾಲ ನೀವು ನಾಪತ್ತೆ ಆದ್ರ ಆ ಮಗು ಹೊಳ್ಳಿ ಗೇಟಿನ ಹತ್ರನ ನಿಂತ್ಕೊಂತೈತಿ.

ಏನಂತ ಕರೀಬೇಕ್ರಿ? ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಯಾವುದು ಸರಿ?

ಹೆಸರು ಹಿಡಿದು ಕರೀರಿ. ಸರ್ಕಾರಿ ಕಾಗದದಾಗ ವಿಕಲಚೇತನ ಅಂತ ಇರ್ತೈತಿ, ಕೇಂದ್ರದವರು ದಿವ್ಯಾಂಗ ಅಂತಾರ, ನಮ್ಮ ಆಟಗಾರರಾಗ ಭಾಳ ಮಂದಿ ಅಂಗವಿಕಲ ಅಂತನ ಹೇಳ್ಕೊಂತಾರ, ದೇವರ ಮಕ್ಕಳು ಅಂದ್ರ ಒಬ್ಬ ಅಕ್ಕಾರಿಗೆ ಸಿಟ್ಟು ಬರ್ತೈತಿ. ಕುಂಟ, ಕುರುಡ, ಮೂಗ ಅಂತ ಊರಾಗ ಬಾಯಿಗೆ ಬಂದಂಗ ಅಂತಾರಲ್ಲ, ಅವು ಗೇಟಿನ ಹೊರಗ.

ನಮ್ಮೂರಾಗ ಅಂಥಾ ಆಟಗಾರರೇ ಇಲ್ಲ, ಎಲ್ಲಿ ಹುಡುಕೋದು?

ಅದಾರ, ಮನಿಯೊಳಗ ಅದಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಾಗ 21 ಥರದ ವಿಕಲತೆ ಪಟ್ಟಿ ಮಾಡ್ಯಾರ, ಕುಬ್ಜತೆ, ಆ್ಯಸಿಡ್ ದಾಳಿಗೆ ಒಳಗಾದವರು, ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರೋರು ಸೈತ ಅದರೊಳಗ ಬರ್ತಾರ, ಹಿಂಗಾಗಿ ನಮ್ಮೂರಾಗ ಯಾರೂ ಇಲ್ಲ ಅನ್ನೋ ಮಾತು ನಾ ನಂಬಂಗಿಲ್ಲ. ಮೊದ್ಲು ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ ಅವರನ್ನ ಹಿಡೀರಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸಾಮಾನ್ಯವಾಗಿ ಅವರೂ ಅಂಗವಿಕಲರೇ, ಯಾರ ಮನಿಯಾಗ ಯಾರದಾರ ಅಂತ ಬಾಯಿಪಾಠ ಇರ್ತೈತಿ. ತಾಲೂಕಿಗೆ ಎಂಆರ್‌ಡಬ್ಲ್ಯೂ, ಅಂದ್ರ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರ್ತಾರ. ಸಾಲಿ ಮಕ್ಕಳಾದ್ರ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ ಅಂದ್ರ ಬಿಆರ್‌ಸಿಯಾಗ ವಿಕಲತೆ ಇರೋ ಮಕ್ಕಳಿಗಂತನ ಇರೋ ಬಿಐಇಆರ್‌ಟಿ ಮಾಸ್ತರು, ಸಾಲಿಗೆ ಬರಾಕ ಆಗದ ಮಕ್ಕಳ ಮನಿಗೂ ಹೋಗೋರು ಅವರೇ.

ಮನಿಗೆ ಹೋದಾಗ ಕ್ರೀಡೆ, ಸಾಧನೆ, ಪದಕ ಅಂತ ಭಾಷಣ ಬ್ಯಾಡ. ಒಂದು ಬಲೂನ್ ತಗೊಂಡು ಹೋಗ್ರಿ, ಬಾಗಲದಾಗ ಕುಂತು ಮಗುವಿನ ಜೊತಿ ಹತ್ತು ನಿಮಿಷ ಬಡಿದಾಡ್ರಿ. ಅವ್ವ ಅಡಗಿಮನಿಯಿಂದ ಇಣುಕಿ ನೋಡಿ ನಕ್ಕಳಂದ್ರ ಮುಂದಿನ ವಾರ ಕಳಸ್ತಾಳ ಅಂತ ತಿಳ್ಕೊಳ್ರಿ.

ಪ್ಯಾರಾಲಿಂಪಿಕ್ಸ್, ಸ್ಪೆಷಲ್ ಒಲಿಂಪಿಕ್ಸ್ ಎರಡೂ ಒಂದೇ ಅಲ್ವಾ?

ಅಲ್ಲ, ಮತ್ತ ಇದರಾಗ ಗೊಂದಲ ಆದ್ರ ಮುಂದ ಟ್ರೇನಿಂಗಿಗೆ ತಪ್ಪು ಬಾಗಲಾ ಬಡೀತೀರಿ. ಪ್ಯಾರಾಲಿಂಪಿಕ್ಸ್ ಅಂದ್ರ ಕೈಕಾಲು, ಬೆನ್ನುಹುರಿ, ಕಣ್ಣಿನ ವಿಕಲತೆ ಇರೋರದ್ದು, ಬೌದ್ಧಿಕ ವಿಕಲತೆ ಇರೋರಿಗೆ ಕೆಲವೇ ಆಟ ಅದಾವ, ಗೆದ್ದವರಿಗೆ ಪದಕ, ಸೋತವರು ಮನಿಗೆ. 2012ರ ಲಂಡನ್‌ನಾಗ ಹಾಸನ ಜಿಲ್ಲೆಯ ಗಿರೀಶ ಹೈಜಂಪ್ ಬೆಳ್ಳಿ ತಂದಿದ್ದು ಅಲ್ಲಿಂದ, 2024ರ ಪ್ಯಾರಿಸ್‌ನಾಗ ಭಾರತಕ್ಕ 29 ಪದಕ ಬಂದಿದ್ದೂ ಅಲ್ಲಿಂದ. ಸ್ಪೆಷಲ್ ಒಲಿಂಪಿಕ್ಸ್ 1968ರಾಗ ಶಿಕಾಗೋದಾಗ ಶುರು ಆಗಿದ್ದು, ಬೌದ್ಧಿಕ ವಿಕಲತೆ ಇರೋರಿಗಂತನ, 8 ವರ್ಷ ತುಂಬಿದ್ರ ಸ್ಪರ್ಧೆಗೆ ಇಳೀಬಹುದು, ಒಂದೇ ಮಟ್ಟದವರನ್ನ ಗುಂಪು ಮಾಡಿ ಆಡಸ್ತಾರ. ನಮ್ಮಲ್ಲಿ ಅದನ್ನ ನಡಸೋದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. ಕಿವಿ ಕೇಳದವರಿಗೆ ಮೂರನೇದು ಬ್ಯಾರೆ ಐತಿ, ಡೆಫ್‌ಲಿಂಪಿಕ್ಸ್, 1924ರಿಂದ ನಡದೈತಿ, ಅಂದ್ರ ಪ್ಯಾರಾಲಿಂಪಿಕ್ಸ್‌ಗಿಂತ ಹಳೇದು.

## ಮೈದಾನಕ್ಕ ಇಳಿದ ಮ್ಯಾಲ

ನಮ್ಮ ಕಡೆ ಸಾಮಾನು ಇಲ್ಲ, ರೊಕ್ಕನೂ ಇಲ್ಲ, ಏನ್ ಆಡಸೋದು?

ಈ ಪ್ರಶ್ನೆ ನನಗ ಭಾಳ ಇಷ್ಟ, ಯಾಕಂದ್ರ ನಮ್ಮ ಸಾಮಾನೆಲ್ಲಾ ಸಂತಿಯಿಂದ ಬಂದಾವ.

ಬೋಚಿಯಾ ಅಂತ ಒಂದು ಆಟ ಐತಿ, ಕೈಕಾಲು ಹಿಡಿತಕ್ಕ ಸಿಗದವರು, ಸೆರೆಬ್ರಲ್ ಪಾಲ್ಸಿ ಇರೋರು ಕುಂತಲ್ಲೇ ಆಡೋದು. ಒಂದು ಬಿಳಿ ಚೆಂಡು, ಆರು ಕೆಂಪು, ಆರು ನೀಲಿ, ಬಿಳಿ ಚೆಂಡಿನ ಹತ್ರ ಯಾರ ಚೆಂಡು ನಿಂತಾವು ಅವರಿಗೆ ಪಾಯಿಂಟು, ನಮ್ಮ ಗೋಲಿ ಆಟದ ಲೆಕ್ಕನ. ಅಸಲಿ ಚೆಂಡು ಸುಮಾರು 275 ಗ್ರಾಂ, ತುಟ್ಟಿ ಆಗ್ತೈತಿ. ನಾವು ಹಳೇ ಕಾಲುಚೀಲದಾಗ ಭತ್ತ ತುಂಬಿ ಹೊಲದ್ವಿ, ಗಂಗಾವತಿ ಅಂದಮ್ಯಾಲ ಭತ್ತಕ್ಕ ಏನ್ ಬರ, ತಕ್ಕಡಿಯಾಗ ಒಂದೊಂದೇ ತೂಗಿ ಚಂದ ಆಗಿದ್ವು. ಮುಂದಿನ ಭಾನುವಾರ ನೋಡಿದ್ರ ಸಾಲಿ ಕೋಣಿಯಾಗ ಬರೇ ಕಾಲುಚೀಲ, ಇಲಿ ಎಲ್ಲಾ ತಿಂದು ಹೊಟ್ಟು ಬಿಟ್ಟು ಹೋಗಿದ್ವು. ಈಗ ಸಣ್ಣ ಪ್ಲಾಸ್ಟಿಕ್ ಚೀಲದಾಗ ಸೋಸಿದ ಉಸುಕು ಕಟ್ಟಿ ಅದರ ಮ್ಯಾಲ ಬಟ್ಟಿ ಹೊಲೀತೀವಿ. ಕೈಯಿಂದ ಎಸಿಯಾಕ ಆಗದವರಿಗೆ ಪೈಪನ್ನ ಉದ್ದಕ್ಕ ಸೀಳಿ ಜಾರುಬಂಡಿ ಮಾಡಿಕೊಟ್ಟೀವಿ, ಚೆಂಡು ಗದ್ದದಿಂದ ನೂಕಿದ್ರೂ ಉರುಳತೈತಿ. ಆದ್ರ ಪೈಪ್ ಎತ್ತಲಾಗ ತಿರುಗಿಸಬೇಕು ಅಂತ ಆಟಗಾರನೇ ಹೇಳಬೇಕು, ಹಿಡಕೊಂಡವರು ಅಂಕಣಕ್ಕ ಬೆನ್ನು ಹಾಕಿ ಕುಂದರಬೇಕು. ದೊಡ್ಡ ಸ್ಪರ್ಧೆಯಾಗೂ ಇದೇ ನಿಯಮ. ವಾಲಂಟಿಯರ್ ಆಗಿ ಬೆನ್ನು ಹಾಕಿ ಬಾಯಿ ಮುಚ್ಚಿ ಕುಂದರೋದು ಎಷ್ಟು ತ್ರಾಸು ಅಂತ ಕುಂತವರಿಗೇ ಗೊತ್ತು.

ಕುಂತು ಆಡೋ ವಾಲಿಬಾಲ್‌ಗೆ ಭತ್ತ ಒಣಗಿಸೋ ತಾಡಪತ್ರಿ ಹಾಸ್ರಿ, ಕೆಳಗ ಕಲ್ಲು ಆರಿಸಿರಬೇಕು ಅಷ್ಟ. ಅಂಕಣ 10 ಮೀಟರ್ ಉದ್ದ 6 ಮೀಟರ್ ಅಗಲ, ನೆಟ್ ಗಂಡಸರಿಗೆ 1.15 ಮೀಟರ್, ಹೆಣ್ಣುಮಕ್ಕಳಿಗೆ 1.05. ಚೆಂಡು ಮುಟ್ಟುವಾಗ ಕುಂಡಿ ನೆಲ ಬಿಡಬಾರದು. ಕಾಲು ನೆಟ್ಟಗಿರೋ ಊರ ಹುಡುಗರನ್ನೂ ಕುಂದ್ರಿಸಿ ಆಡಸ್ರಿ, ಹತ್ತು ನಿಮಿಷಕ್ಕ ಏದುಸಿರು ಬಿಡ್ತಾರ, ದಿನಾ ತೆವಳಿ ಕೈ ಗಟ್ಟಿ ಮಾಡ್ಕೊಂಡವರು ಅವರನ್ನ ಆಟ ಆಡಸ್ತಾರ.

ಅಂಧರ ಕ್ರಿಕೆಟ್ ಚೆಂಡಿನಾಗ ಬೇರಿಂಗ್ ಗುಂಡು ಇರ್ತಾವು, ಗಲಗಲ ಅಂತೈತಿ. ಬೌಲರ್ "ರೆಡಿ?" ಅಂತ ಕೇಳಬೇಕು, ಬ್ಯಾಟ್ಸ್‌ಮನ್ "ಯೆಸ್" ಅನಬೇಕು, "ಪ್ಲೇ" ಅಂತ ಹೇಳಿ ಕೈ ಕೆಳಗಿಂದ ಬಿಡಬೇಕು. ಪೂರ್ತಿ ಕಾಣದ ಬಿ1 ಆಟಗಾರ ಹೊಡೆದ ರನ್ ಡಬಲ್. ಚೆಂಡು ಸಿಗೋತನಕ ಸಾದಾ ಫುಟ್‌ಬಾಲನ್ನ ಕ್ಯಾರಿಬ್ಯಾಗಿನಾಗ ಸುತ್ತಿ ಕಟ್ಟಿ ಉರುಳಿಸ್ರಿ, ಪರಪರ ಸಪ್ಪಳ ಬರ್ತೈತಿ, ಶುರು ಮಾಡಾಕ ಅಷ್ಟು ಸಾಕು.

ಕಣ್ಣು ಕಾಣದವರ ಜೊತಿ ಓಡಬೇಕು ಅಂತ ಆಸೆ ಐತಿ, ಹೆಂಗ ಓಡೋದು?

ಗೈಡ್ ರನ್ನರ್ ಅಂತಾರ ಅದಕ್ಕ. ಇಬ್ಬರ ಕೈಗೂ ಒಂದು ಸಣ್ಣ ಹಗ್ಗ, ಜಗ್ಗಿದ್ರ ಹಿಗ್ಗಬಾರದು, ಗೇಣಿಗಿಂತ ಸ್ವಲ್ಪ ಉದ್ದ ಸಾಕು. ನಾವು ಬೂಟಿನ ದಾರ ಮಡಚಿ ಕಟ್ಟೀವಿ. ನೀವು ಅವರನ್ನ ಎಳೀಬಾರದು, ನೂಕಬಾರದು, ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ, ಅವರ ಕೈ ಬೀಸಿಗೆ ನಿಮ್ಮ ಕೈ. ಬಾಯಿ ಮಾತ್ರ ನಡೀತಿರಬೇಕು, "ಎಡಕ್ಕ ತಿರುವು, ಐದು, ನಾಲ್ಕು, ಮೂರು", "ತಗ್ಗು ಐತಿ", "ಹತ್ತು ಹೆಜ್ಜೆ ಉಳದೈತಿ". ಗೆರಿ ಅವರು ಮೊದ್ಲು ದಾಟಬೇಕು, ನೀವು ದಾಟಿದ್ರ ಅವರು ಔಟ್. ಅಂದಮ್ಯಾಲ ನೀವು ಅವರಿಗಿಂತ ಜೋರು ಓಡೋರಿರಬೇಕು, ಇಲ್ಲಾಂದ್ರ ಅವರಿಗೆ ನೀವೇ ಬ್ರೇಕ್.

ಹಗ್ಗ ಎಷ್ಟು ಗಂಭೀರ ಅಂದ್ರ, 2024ರ ಪ್ಯಾರಿಸ್ ಮ್ಯಾರಥಾನ್‌ನಾಗ ಸ್ಪೇನ್‌ನ ಎಲೆನಾ ಕಾಂಗೊಸ್ಟ್ ಮೂರನೇದವರಾಗಿ ಬರ್ತಿದ್ರು, ಗೆರಿ ಎರಡೇ ಮೀಟರ್ ಇತ್ತು, ಗೈಡ್‌ನ ಕಾಲಿಗೆ ಸ್ನಾಯು ಸೆಳೆತ ಬಂದು ಅಂವ ಬೀಳಾಕತ್ತಿದ್ದ, ಹಿಡಿಯಾಕ ಹೋಗಿ ಒಂದು ಗಳಿಗಿ ಹಗ್ಗ ಬಿಟ್ರು, ಅನರ್ಹ ಮಾಡಿಬಿಟ್ರು. ಬ್ಯಾಸರ ಆತು ನನಗ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಓಟದ ವಿಡಿಯೋ ಸಿಕ್ಕರ ನೋಡ್ರಿ, ಆದ್ರ ಅವರನ್ನಲ್ಲ, ಪಕ್ಕದಾಗ ಓಡೋ ಗೈಡ್‌ನ ಪಾದ ನೋಡ್ರಿ, ಪಾಠ ಅಲ್ಲೈತಿ.

ಮೊದ್ಲು ನೀವು ಕಣ್ಣಿಗೆ ಬಟ್ಟಿ ಕಟ್ಕೊಂಡು ಬ್ಯಾರೆಯವರ ಕೈಯಾಗ ಹಗ್ಗ ಕೊಟ್ಟು ನೂರು ಮೀಟರ್ ನಡದು ನೋಡ್ರಿ, ಆಮ್ಯಾಲ ಮಾತಾಡೋಣು.

ಕಿವಿ ಕೇಳದ ಹುಡುಗರಿಗೆ ಆಟ ಹೇಳಿಕೊಡೋದು ಹೆಂಗ? ಸೀಟಿ ಕೇಳಂಗಿಲ್ಲಲ್ಲ.

ಸೀಟಿ ಬದಲಿ ಬಾವುಟ, ಅಷ್ಟೇ ಫರಕು. ಮಾತಾಡುವಾಗ ಸೂರ್ಯ ನಿಮ್ಮ ಬೆನ್ನಿಗೆ ಇರಬಾರದು, ಮುಖ ಕಪ್ಪಾಗಿ ಕಾಣತೈತಿ. ಸನ್ನೆ ಭಾಷೆಗೆ ಐಎಸ್‌ಎಲ್‌ಆರ್‌ಟಿಸಿ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆಯ 10,000 ಪದದ ವಿಡಿಯೋ ನಿಘಂಟು ಫ್ರೀ ಐತಿ, ದಿನಕ್ಕ ಐದು ಸನ್ನೆ ಕಲೀರಿ. ತಪ್ಪು ಮಾಡಿದ್ರ ಹುಡುಗರು ಬಿದ್ದು ಬಿದ್ದು ನಗ್ತಾರ, ನಗಲಿ ಬಿಡ್ರಿ.

ಬಿಸಿಲಾಗ ಏನರ ಹೆಚ್ಚುಕಮ್ಮಿ ಆದ್ರ? ಫಿಟ್ಸ್ ಬಂದ್ರ? ನನಗ ಅದೇ ಅಂಜಿಕಿ.

ಅಂಜಿಕಿ ಇರಬೇಕು, ಚೊಲೊ. ರಾಯಚೂರು, ಬಳ್ಳಾರಿ, ಕೊಪ್ಪಳದ ಬ್ಯಾಸಗಿಯಾಗ ನಲವತ್ತು ಡಿಗ್ರಿ ದಾಟತೈತಿ, ಎಂಟು ಗಂಟೆ ಮ್ಯಾಲ ನಾವು ಆಡಸಂಗಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರಂಗಿಲ್ಲ, ಒಳಗ ಕಾವು ಏರಿದ್ರೂ ಹೊರಗ ಗೊತ್ತಾಗಂಗಿಲ್ಲ, ಅವರಿಗೆ ಗಿಡಕ್ಕ ಹೊಡಿಯೋ ಸ್ಪ್ರೇ ಬಾಟ್ಲಿ, ಹಸಿ ಟವೆಲ್, ನೆರಳು. ತ್ರಿಚಕ್ರದ ರೆಗ್ಝಿನ್ ಸೀಟು, ಕಬ್ಬಿಣ ಬಿಸಿಲಿಗೆ ಕಾದಿರ್ತೈತಿ, ತೊಡಿಗೆ ಸ್ಪರ್ಶ ಇಲ್ಲದವರಿಗೆ ಸುಟ್ಟರೂ ತಿಳಿಯಂಗಿಲ್ಲ, ಕುಂದ್ರೋಕಿಂತ ಮೊದ್ಲು ನಿಮ್ಮ ಅಂಗೈ ಇಟ್ಟು ನೋಡ್ರಿ.

ಫಿಟ್ಸ್ ಬಂದ್ರ ಕೀಲಿಕೈ ಹಿಡಿಸೋದು, ಉಳ್ಳಾಗಡ್ಡಿ ಮೂಸಿಸೋದು, ಚಪ್ಪಲಿ ಮೂಸಿಸೋದು ಇವ್ಯಾವೂ ಬ್ಯಾಡ, ಬಾಯಾಗ ಚಮಚ ಅಂತೂ ಬ್ಯಾಡೇ ಬ್ಯಾಡ. ಸುತ್ತಲಿನ ಕಲ್ಲು, ಕುರ್ಚಿ ಸರಿಸ್ರಿ, ತಲಿ ಕೆಳಗ ಅಂಗಿ ಮಡಚಿಡ್ರಿ, ಗಡಿಯಾರ ನೋಡ್ರಿ, ಅದುರೋದು ನಿಂತಮ್ಯಾಲ ಮಗ್ಗಲಿಗೆ ಹೊರಳಿಸ್ರಿ. ಐದು ನಿಮಿಷ ದಾಟಿದ್ರ, ಹೊಳ್ಳಿ ಬಂದ್ರ, ಇಲ್ಲಾ ಮೊದಲ್ನೇ ಸಲ ಬಂದಿದ್ದಾದ್ರ 108.

ಡೌನ್ ಸಿಂಡ್ರೋಮ್ ಇರೋ ಕೆಲವು ಮಕ್ಕಳ ಕುತ್ತಿಗಿ ಮ್ಯಾಲಿನ ಎರಡು ಎಲುಬಿನ ಕೀಲು ಸಡ್ಲ ಇರ್ತೈತಿ. ಡಾಕ್ಟರು ನೋಡಿ ಹೇಳೋತನಕ ಲಾಗ, ತಲಿಯಿಂದ ಚೆಂಡು ಹೊಡಿಯೋದು, ನೀರಿಗೆ ತಲಿ ಮುಂದ ಮಾಡಿ ಜಿಗಿಯೋದು ಇಲ್ಲ.

ಹೆಣ್ಣುಮಕ್ಕಳನ್ನ ಕಳಸ್ರಿ ಅಂದ್ರ ಮನಿಯವರು ಒಪ್ಪವಲ್ರು, ಏನ್ ಮಾಡೋದು?

ಅವರ ಅಂಜಿಕಿ ಖರೇ ಐತಿ, ಅದನ್ನ ಹಗುರ ಮಾಡಬ್ಯಾಡ್ರಿ. ನಮ್ಮ ನಿಯಮ ಮೂರು. ಒಬ್ಬ ವಾಲಂಟಿಯರ್ ಒಬ್ಬ ಮಗುವಿನ ಜೊತಿ ಕೋಣಿಯಾಗ, ಗಾಡಿಯಾಗ ಒಬ್ಬರೇ ಇರಂಗಿಲ್ಲ. ಪಾಯಖಾನಿಗೆ ಅವ್ವ ಇಲ್ಲಾ ಹೆಣ್ಣು ವಾಲಂಟಿಯರ್. ಫೋಟೋ ಕೇಳಿನೇ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮ್ಯಾಲ ಲೈಂಗಿಕ ದೌರ್ಜನ್ಯ ಆಗೈತಿ ಅಂತ ಗೊತ್ತಾದ್ರ ಪೊಲೀಸರಿಗೆ ತಿಳಿಸೋದು ಕಡ್ಡಾಯ, ಮುಚ್ಚಿಟ್ರ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ನಮ್ಮ ಗೇಟಿನ ಮ್ಯಾಲ ಬರಸೀವಿ. ಅವ್ವಂದಿರನ್ನೂ ಕರ್ಕೊಂಡು ಬರ್ರಿ, ಶಕ್ತಿ ಯೋಜನೆ ಬಂದಮ್ಯಾಲ ಬಸ್ ಚಾರ್ಜಿನ ನೆಪ ಹೋಗೇತಿ, ಈಗ ನಮ್ಮಲ್ಲಿ ಅಂಕ ಬರಿಯೋರು ಇಬ್ಬರು ಅವ್ವಂದಿರೇ.

## ಸರ್ಟಿಫಿಕೇಟ್, ಕೋಚಿಂಗ್, ಮುಂದಿನ ದಾರಿ

ಯಾವ ಸರ್ಟಿಫಿಕೇಟ್ ತಗೊಂಡ್ರ ಉಪಯೋಗ ಆಗತೈತಿ?

ಅಂಗವಿಕಲರ ಕ್ರೀಡಾ ನಾಯಕ ಅಂತ ಒಂದೇ ಕಾಗದ ಎಲ್ಲಾ ಬಾಗಲಾ ತಗೀತೈತಿ ಅನ್ನಂಗಿಲ್ಲ. ನಿಮಗ ಎಲ್ಲಿಗೆ ಹೋಗಬೇಕು ಅನ್ನೋದರ ಮ್ಯಾಲ ಐತಿ.

ಮೈದಾನದಾಗ ಇರ್ತೀನಿ ಅನ್ನೋರು ಮೊದ್ಲು ಪ್ರಥಮ ಚಿಕಿತ್ಸೆ ತರಬೇತಿ ತಗೋರಿ, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಎರಡೂ ಕಡೆ ನಡಸ್ತಾರ. ನನ್ನ ಮಾತು ಕೇಳೋದಾದ್ರ ಇದಿಲ್ಲದ ಮುಂದಿನದು ಯಾವುದೂ ಬ್ಯಾಡ. ಬೌದ್ಧಿಕ ವಿಕಲತೆ ಇರೋ ಮಕ್ಕಳ ಜೊತಿ ಕೆಲಸ ಮಾಡೋರು ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನ ರಾಜ್ಯ ಘಟಕದವರ ಕೋಚ್ ತರಬೇತಿಗೆ ಹೆಸರು ಕೊಡ್ರಿ, ಒಂದು ಆಟ ಹಿಡಿದು ಕಲಸ್ತಾರ, ಯೂನಿಫೈಡ್ ಅಂತ ವಿಕಲತೆ ಇರೋರು ಇಲ್ಲದವರು ಒಂದೇ ತಂಡದಾಗ ಆಡೋದನ್ನೂ ಹೇಳಿಕೊಡ್ತಾರ. ಅಂಧರ ಕ್ರಿಕೆಟ್‌ಗೆ ಬೆಂಗಳೂರಿನಾಗಿರೋ ಅಂಧರ ಕ್ರಿಕೆಟ್ ಸಂಸ್ಥೆ, ಪ್ಯಾರಾ ಅಥ್ಲೆಟಿಕ್ಸ್‌ಗೆ ಭಾರತೀಯ ಪ್ಯಾರಾಲಿಂಪಿಕ್ ಸಮಿತಿ.

ಕೋಚಿಂಗನ್ನೇ ಹೊಟ್ಟಿಪಾಡು ಮಾಡ್ಕೊಬೇಕಂದ್ರ ಪಟಿಯಾಲದ ಎನ್‌ಐಎಸ್, ಅಂದ್ರ ರಾಷ್ಟ್ರೀಯ ಕ್ರೀಡಾ ಸಂಸ್ಥೆ, 1961ರದ್ದು, ಬೆಂಗಳೂರಿನಾಗೂ ಕೇಂದ್ರ ಐತಿ. ಡಿಪ್ಲೊಮಾ ಒಂದು ವರ್ಷದ್ದು, ಡಿಗ್ರಿ ಮತ್ತ ಆಡಿದ ದಾಖಲೆ ಕೇಳ್ತಾರ. ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಐತಿ, ನೌಕರಿ ಬಿಡಾಕ ಆಗದ ಪಿಇ ಮಾಸ್ತರಿಗೆ ಅದು ಅನುಕೂಲ.

ಇನ್ನೊಂದು ದಾರಿ ಭಾರತೀಯ ಪುನರ್ವಸತಿ ಪರಿಷತ್ತು, ಆರ್‌ಸಿಐ ಅಂತಾರಲ್ಲ, ಅದರದ್ದು. ವಿಶೇಷ ಶಿಕ್ಷಕರಾಗಬೇಕಂದ್ರ ವಿಶೇಷ ಶಿಕ್ಷಣದ ಡಿ.ಎಡ್ ಇಲ್ಲಾ ಬಿ.ಎಡ್ ಮುಗಿಸಿ ಅವರ ರಿಜಿಸ್ಟರ್‌ನಾಗ ನಂಬರ್ ಪಡೀಬೇಕು. 2021ರಿಂದ ಸಿಬಿಐಡಿ ಅಂತ ಆರು ತಿಂಗಳ ಕೋರ್ಸ್ ಬಂದೈತಿ, ಊರಮಟ್ಟದಾಗ ಕೆಲಸ ಮಾಡೋರಿಗಂತನ ಮಾಡಿದ್ದು, ಆಟದ್ದಲ್ಲ, ಆದ್ರ ಮನಿಮನಿಗೆ ಹೋಗೋರಿಗೆ ಆಟದ ಕೋರ್ಸಿಗಿಂತ ಅದೇ ಉಪಯೋಗ ಅಂತ ನನಗನಸ್ತೈತಿ.

ನಂದು ಪಿಯುಸಿ ಫೇಲ್, ಇಂಗ್ಲಿಷೂ ಬರಂಗಿಲ್ಲ, ನನಗೇನೈತಿ?

ಒಂದು ನೋಟ್‌ಬುಕ್ ಐತಿ. ತಾರೀಕು, ಎಷ್ಟು ತಾಸು, ಯಾರ ಜೊತಿ ಏನ್ ಆಡಿಸಿದ್ರಿ, ಯಾವುದು ಕೆಟ್ಟಿತು, ಮುಂದಿನ ವಾರ ಏನ್ ಬದಲಿ ಮಾಡ್ತೀರಿ, ನಾಲ್ಕು ಸಾಲು, ಕನ್ನಡದಾಗ, ಕೆಳಗ ಸಾಲಿ ಹೆಡ್‌ಮಾಸ್ತರ ಇಲ್ಲಾ ಎಂಆರ್‌ಡಬ್ಲ್ಯೂ ಸಹಿ. ಒಂದು ವರ್ಷದ ಇಂಥಾ ನೋಟ್‌ಬುಕ್ ತರಬೇತಿ ಸಂದರ್ಶನದಾಗ ಮೇಜಿನ ಮ್ಯಾಲ ಇಟ್ರ ಕೇಳೋರ ದನಿನೇ ಬದಲಾಗತೈತಿ, ನಾ ನೋಡೀನಿ. ಆನ್‌ಲೈನ್ ಪಾಠ ಇಂಗ್ಲಿಷ್‌ನಾಗ ಇದ್ರ ಕಾಲೇಜ್ ಹುಡುಗ್ಯಾರನ್ನ ಪಕ್ಕಕ್ಕ ಕುಂದ್ರಿಸ್ಕೊಳ್ರಿ. ಜೊತಿಗೆ ಪಿಯುಸಿ ಪರೀಕ್ಷೆನೂ ಹೊಳ್ಳಿ ಬರೀರಿ, ಸುಮ್ನ ಯಾಕ ಬಿಡ್ತೀರಿ.

ಎರಡು ದಿನದಾಗ ನ್ಯಾಷನಲ್ ಪ್ಯಾರಾ ಕೋಚ್ ಸರ್ಟಿಫಿಕೇಟ್ ಕೊಡ್ತೀವಿ, ರೊಕ್ಕ ಹಾಕ್ರಿ ಅಂತ ಫೋನ್ ಬಂದೈತಿ, ಖರೇನಾ?

ಹಾಕಬ್ಯಾಡ್ರಿ. ನಾನೂ ಒಮ್ಮೆ ಹಾಕೀನಿ, ಬಂಗಾರದ ಬಣ್ಣದ ಅಂಚಿನ ಕಾಗದ ಬಂತು, ಜಿಲ್ಲಾ ಮಟ್ಟದಾಗೂ ಯಾರೂ ಕಣ್ಣೆತ್ತಿ ನೋಡಲಿಲ್ಲ, ಈಗ ಬೋಚಿಯಾ ಅಂಕ ಬರಿಯೋ ರಟ್ಟಿಗೆ ಅಂಟಿಸೀವಿ. ಕೊಡೋರು ಯಾವ ಫೆಡರೇಶನ್, ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಐತೋ ಇಲ್ಲೋ ನೋಡ್ರಿ. ಪುನರ್ವಸತಿ ಕೋರ್ಸ್ ಅಂದ್ರ ಆರ್‌ಸಿಐ ಪಟ್ಟಿಯಾಗ ಆ ಕಾಲೇಜ್ ಹೆಸರು ಇರಬೇಕು.

ನಾನೇ ವ್ಹೀಲ್‌ಚೇರ್‌ನಾಗ ಅದೀನಿ. ಆಟಗಾರ ಆಗಿ ಬರಬೇಕಾ, ಕೋಚ್ ಆಗಿ ಬರಬಹುದಾ?

ಕೋಚ್ ಆಗಿ ಬರ್ರಿ, ದಯವಿಟ್ಟು. ಹೊಸದಾಗಿ ಬೆನ್ನು ಮುರಕೊಂಡು ಮಂಚ ಹಿಡಿದ ಹುಡುಗನಿಗೆ ನಾ ನೂರು ಮಾತು ಹೇಳೋದು ಒಂದೇ, ನೀವು ಕುರ್ಚಿ ಉರುಳಿಸ್ಕೊಂತ ಅವನ ಬಾಗಲಿಗೆ ಹೋಗೋದು ಒಂದೇ. ಸ್ಪೆಷಲ್ ಒಲಿಂಪಿಕ್ಸ್‌ನಾಗ ಬೌದ್ಧಿಕ ವಿಕಲತೆ ಇರೋ ಆಟಗಾರರನ್ನೇ ಮಾತುಗಾರರಾಗಿ, ಸಹಾಯಕ ಕೋಚ್ ಆಗಿ ತಯಾರು ಮಾಡೋ ಅಥ್ಲೀಟ್ ಲೀಡರ್‌ಶಿಪ್ ಅಂತ ಬ್ಯಾರೆ ವ್ಯವಸ್ಥಾನೇ ಐತಿ. ತರಬೇತಿಗೆ ಅರ್ಜಿ ಹಾಕುವಾಗ ಮಾತ್ರ ಮೊದಲ ದಿನವೇ ಕೇಳ್ರಿ, ಉಳಿಯೋ ಕೋಣಿ ನೆಲಮಹಡಿಯಾಗ ಐತಾ, ಪಾಯಖಾನಿ ಬಾಗಲಾಗ ಕುರ್ಚಿ ಹಿಡಿಸ್ತೈತಾ. ಅಲ್ಲಿ ಹೋದಮ್ಯಾಲ ಕೇಳಿದ್ರ "ಅಡ್ಜಸ್ಟ್ ಮಾಡ್ಕೊಳ್ರಿ" ಅಂತಾರ.

ಕ್ಲಾಸಿಫಿಕೇಶನ್ ಅಂದ್ರೇನು? ನಮ್ಮ ಹುಡುಗನ ಸರ್ಟಿಫಿಕೇಟಿನಾಗ 75% ಅಂತ ಐತಿ, ಸಾಲಂಗಿಲ್ಲಾ?

ಆ ಶೇಕಡಾ ಪಿಂಚಣಿ, ಬಸ್ ಪಾಸ್, ಮೀಸಲಾತಿಗೆ, ವಿಕಲತೆಗಂತ ಸರ್ಕಾರ ಕೊಡೋ ಗುರುತಿನ ಚೀಟಿ ಯುಡಿಐಡಿ ಕಾರ್ಡಿನಾಗ ಬರೋದೂ ಅದೇ. ಆಟದ ವರ್ಗ ಬ್ಯಾರೆ ಲೆಕ್ಕ. ಆ ಆಟ ಆಡುವಾಗ ವಿಕಲತೆ ಎಷ್ಟು ಅಡ್ಡ ಬರ್ತೈತಿ ಅಂತ ತರಬೇತಿ ಪಡೆದ ಕ್ಲಾಸಿಫೈಯರ್ ನೋಡಿ ಕೊಡೋದು, ಓಟಕ್ಕ ಟಿ, ಎಸೆತಕ್ಕ ಎಫ್, ಮುಂದ ನಂಬರ್, ಟಿ11 ಅಂದ್ರ ಪೂರ್ತಿ ಕಾಣದ ಓಟಗಾರ ಅಂದಂಗ. ಒಂದೇ ಹುಡುಗನಿಗೆ ಈಜಿನಾಗ ಒಂದು ವರ್ಗ, ಓಟದಾಗ ಒಂದು ವರ್ಗ ಬರಬಹುದು. 75% ಇದ್ರೂ ಒಂದು ಆಟಕ್ಕ ಅರ್ಹ ಅಲ್ಲ ಅಂತ ಬರೋದೂ ಉಂಟು, ಮನಿಯವರಿಗೆ ಇದನ್ನ ಹೋಗೋಕಿಂತ ಮೊದ್ಲೇ ಹೇಳಿಡ್ರಿ. ಫಿಜಿಯೋಥೆರಪಿ ಓದಿದವರು ಯಾರರ ನಿಮ್ಮ ಗುಂಪಿನಾಗ ಇದ್ರ ಅವರಿಗೆ ಕ್ಲಾಸಿಫೈಯರ್ ಆಗೋ ದಾರಿ ತೋರಸ್ರಿ, ನಮ್ಮ ಕಡೆ ಆ ಕೆಲಸಕ್ಕ ಜನ ಬೇಕು.

ಡಿಸೆಂಬರ್ 3ಕ್ಕ ನಾವೇ ಒಂದು ಕ್ರೀಡಾಕೂಟ ಮಾಡಬೇಕಂತೀವಿ, ಏನ್ ನೆನಪಿಡಬೇಕು?

ವಿಶ್ವ ವಿಕಲಚೇತನರ ದಿನಕ್ಕ ಇಲಾಖೆಯವರದ್ದೇ ಜಿಲ್ಲಾ ಕೂಟ ಇರ್ತೈತಿ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ ಅದರ ತಾರೀಕು ಕೇಳಿ ನಿಮ್ಮದನ್ನ ಅದಕ್ಕಿಂತ ಹದಿನೈದು ದಿನ ಮೊದ್ಲು ಇಟ್ಕೊಳ್ರಿ. ಪಾಯಖಾನಿ, ರ‍್ಯಾಂಪ್, ನೆರಳು ಮೊದ್ಲು, ಸ್ಟೇಜ್ ಕಡೀಕ. ಭಾಷಣ ಆಟ ಮುಗದ ಮ್ಯಾಲ. ನಾವೊಂದು ಕೂಟಕ್ಕ ಹೋದಾಗ ಅತಿಥಿಗಳು ಬರೋತನಕ ಅಂತ ಮಕ್ಕಳನ್ನ ಬಿಸಿಲಾಗ ಸಾಲಾಗಿ ಕುಂದ್ರಿಸಿದ್ರು, ಓಟ ಶುರು ಆಗೋ ಹೊತ್ತಿಗೆ ಅರ್ಧ ಮಂದಿ ಅಳಾಕತ್ತಿದ್ರು. ದೂರದವರನ್ನ ಕರಿಯೋದಿದ್ರ, ವಿಕಲಚೇತನರ ರಿಯಾಯಿತಿ ಬಸ್ ಪಾಸ್ ಅವರ ಊರಿಂದ 100 ಕಿಲೋಮೀಟರ್ ಒಳಗ ಮಾತ್ರ ನಡೀತೈತಿ, ರಾಯಚೂರಿಂದ ಬಳ್ಳಾರಿಗೆ ಬರೋರಿಗೆ ಸಾಲಂಗಿಲ್ಲ, ಉಳಿದ ಚಾರ್ಜ್ ಯಾರು ಕೊಡ್ತಾರ ಅಂತ ಮೊದ್ಲೇ ತೀರ್ಮಾನ ಮಾಡ್ರಿ.

ವಾಲಂಟಿಯರ್‌ಗಳು ಎರಡು ತಿಂಗಳಿಗೆ ಬಿಟ್ಟು ಹೊಂಟಾರ, ಹೆಂಗ ಹಿಡಿದಿಡೋದು?

ಭತ್ತ ಕೊಯ್ಯೋ ಹೊತ್ತಿನಾಗ, ಪರೀಕ್ಷೆ ಹೊತ್ತಿನಾಗ ಹೋಗೋರು ಹೋಗ್ತಾರ, ಅದಕ್ಕ ಸಿಟ್ಟಾಗಬ್ಯಾಡ್ರಿ, ಸುಗ್ಗಿ ಮುಗದಮ್ಯಾಲ ಫೋನ್ ಮಾಡ್ರಿ. ನಿಂತೋರೆಲ್ಲಾ ಯಾಕ ನಿಂತಾರ ಅಂತ ನೋಡಿದ್ರ, ಪ್ರತಿಯೊಬ್ಬರಿಗೂ ತಂದೇ ಆದ ಒಂದು ಕೆಲಸ ಐತಿ. ಒಬ್ಬರು ನೀರಿನ ಕ್ಯಾನ್, ಒಬ್ಬರು ಚೆಂಡಿನ ಚೀಲ, ಒಬ್ಬರು ತಾಡಪತ್ರಿ. ಎಲ್ಲಾನೂ ನಾನೇ ಮಾಡ್ತಿದ್ದಾಗ ಎಲ್ಲಾರೂ ಕೈಕಟ್ಟಿ ನಿಂತಿರ್ತಿದ್ರು. ಗೇಟಿನ ಕೀಲಿ ಈಗ ನನ್ನ ಹತ್ರ ಇಲ್ಲ, ಮೊದಲ್ನೇ ಭಾನುವಾರ ನಾ ಉಸುಕಿನಾಗ ಕೆಡವಿದ್ನಲ್ಲ, ಆ ಹುಡುಗನ ಹತ್ರ ಐತಿ. ಐದೂವರಿಗೆ ಬಂದು ತಗೀತಾನ, ಆರೂಕಾಲಿಗೆ ಚಿಲಕ ಹಾಕ್ತಾನ, ಆಮ್ಯಾಲ ಬಂದೋರು ಗೋಡಿ ಹೊರಗ ನಿಂತು ಅವನ ಜೊತಿನೇ ಜಗಳ ಮಾಡ್ಕೊಬೇಕು, ನನ್ನ ಕೇಳಬ್ಯಾಡ್ರಿ, ಹ್ವಾದ ವಾರ ನಾನೂ ಹೊರಗಿದ್ದೆ.